ಪಂಚಮಹಾವಾದ್ಯದ ಜಗಳ ಮತ್ತು ಧರ್ಮದ ಹೊಣೆ

ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ ವಿಜಯನಗರದ ಅರಸ ಬುಕ್ಕರಾಯನ ಕಾಲದ, ಕ್ರಿ.ಶ. 1368ರ ಶಾಸನವೊಂದಿದೆ. ಹಿಂಸೆಗೂ ಅಸಹನೆಗೂ ಧರ್ಮವೇ ಕಾರಣವೇ ಎಂಬ ಚರ್ಚೆ ಎದ್ದಾಗಲೆಲ್ಲ ನಾನು ಆ ಶಾಸನವನ್ನು ಮತ್ತೆ ಓದುತ್ತೇನೆ; ಜಗಳ ಯಾವುದಕ್ಕಾಗಿ ನಡೆಯಿತು, ಅದನ್ನು ನಿಲ್ಲಿಸಲು ಏನು ಮಾಡಬೇಕಾಯಿತು, ಅದಕ್ಕೆ ಹಣ ತೆತ್ತವರು ಯಾರು ಎಂಬುದನ್ನೆಲ್ಲ ಅದು ಬಿಡಿಸಿ ಹೇಳುತ್ತದೆ.

ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಗಳ ಜೈನರು, ಭಕ್ತರಿಂದ ಎಂದರೆ ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ರಾಜನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಸೇರಿದಂತೆ 18 ನಾಡಿನ ಶ್ರೀವೈಷ್ಣವರ ಎದುರಿನಲ್ಲಿ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಈ ಭಾಗವನ್ನು ನಾವು ಭಾಷಣಗಳಲ್ಲಿ ಬೇಕಾದಷ್ಟು ಕೇಳಿದ್ದೇವೆ. ಆದರೆ ತೀರ್ಪಿನ ತಿರುಳು ಬೇರೆಯಿದೆ: ಹಿಂದಿನಿಂದ ನಡೆದುಬಂದಂತೆ ಜೈನದರ್ಶನಕ್ಕೆ ಪಂಚಮಹಾವಾದ್ಯಗಳೂ (ಗೌರವದ ಗುರುತಾಗಿ ನುಡಿಸುವ ಐದು ವಾದ್ಯಗಳು) ಕಲಶವೂ ಸಲ್ಲಬೇಕು ಎಂಬುದು ಅಲ್ಲಿ ಇತ್ಯರ್ಥವಾದ ವಿಷಯ. ಕರ್ಮ, ಮೋಕ್ಷಗಳ ವಿಚಾರದಲ್ಲಿ ಯಾರು ಸರಿ ಎಂದು ರಾಜನು ತೀರ್ಮಾನಿಸಲಿಲ್ಲ. ಯಾರಿಗೆ ಯಾವ ಮರ್ಯಾದೆ ಸಲ್ಲಬೇಕು ಎಂಬ, ಇಂದಿನ ಮೆರವಣಿಗೆಯ ಗಲಾಟೆಗಳನ್ನು ಕಂಡವರಿಗೆಲ್ಲ ಪರಿಚಿತವಾದ ಜಗಳ ಅದು.

ಹಾಗಾದರೆ ಇದು ಬರಿಯ ಅಂತಸ್ತಿನ ಪೈಪೋಟಿ, ಧರ್ಮಕ್ಕೂ ಇದಕ್ಕೂ ಸಂಬಂಧವಿಲ್ಲ ಎನ್ನಬಹುದೇ? ಹಾಗೆನ್ನಲು ನನಗೆ ಸಾಧ್ಯವಾಗುವುದಿಲ್ಲ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿ, ಸುಮಾರು ಕ್ರಿ.ಶ. 1200ರ ಶಾಸನವೊಂದು ಶಿವಭಕ್ತ ಏಕಾಂತದ ರಾಮಯ್ಯನ ಕಥೆಯನ್ನು ಹೇಳುತ್ತದೆ. ಅವನು ಜೈನರೊಡನೆ ಪಣ ತೊಟ್ಟು ತನ್ನ ತಲೆಯನ್ನು ಶಿವನಿಗೆ ಅರಿದಿಟ್ಟು ಮರಳಿ ಪಡೆದನೆಂದೂ, ಸೋತ ಜೈನರು ಮಾತಿಗೆ ತಪ್ಪಿದಾಗ ಜಿನಬಿಂಬವನ್ನು ಒಡೆದನೆಂದೂ, ಜೈನರು ದೂರು ಕೊಂಡೊಯ್ದಾಗ ಕಲಚುರಿ ಅರಸ ಬಿಜ್ಜಳನು ರಾಮಯ್ಯನಿಗೇ ಜಯಪತ್ರ ಕೊಟ್ಟನೆಂದೂ ಅದು ವರ್ಣಿಸುತ್ತದೆ. ತಲೆ ಮರಳಿ ಬಂದ ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನನ್ನನ್ನು ಕಲಕುವುದು ಇನ್ನೊಂದು ಧರ್ಮದ ಪೂಜಾಮೂರ್ತಿಯನ್ನು ಒಡೆದ ಕೃತ್ಯವು ಮುಚ್ಚಿಡಬೇಕಾದ ಸಂಗತಿಯಾಗಿ ಅಲ್ಲದೆ ಭಕ್ತಿಯ ಸಾಧನೆಯಾಗಿ, ಕಲ್ಲಿನಲ್ಲಿ ಕೆತ್ತಿಸಿ ಕೊಂಡಾಡುವ ಸಾಹಸವಾಗಿ ಉಳಿದಿರುವುದು. ಭೂಮಿಗಾಗಿ ಹೊಡೆದಾಡಿದವನು ತನ್ನ ಮನಸ್ಸಿನಲ್ಲಾದರೂ ತಪ್ಪನ್ನು ಒಪ್ಪಿಕೊಂಡಾನು. ದೇವರಿಗಾಗಿ ಹೊಡೆದೆನೆಂದು ನಂಬಿದವನಿಗೆ ಒಪ್ಪಿಕೊಳ್ಳಲು ತಪ್ಪೇ ಉಳಿದಿರುವುದಿಲ್ಲ. ಧರ್ಮವು ಹಿಂಸೆಯನ್ನು ಹುಟ್ಟಿಸದೆ ಇರಬಹುದು, ಆದರೆ ಅದಕ್ಕೆ ಪುಣ್ಯದ ಬಣ್ಣ ಕೊಡುವ ಶಕ್ತಿ ಅದಕ್ಕಿದೆ.

ಧರ್ಮವಿಲ್ಲದೆಯೂ ಹಿಂಸೆ ನಡೆಯುತ್ತದೆ ಎಂಬುದಕ್ಕೆ ನಮ್ಮಲ್ಲಿ ಸಾಕ್ಷಿಗಳಿಗೆ ಕೊರತೆಯಿಲ್ಲ. 1791ರಲ್ಲಿ ಶೃಂಗೇರಿ ಮಠವನ್ನು ಲೂಟಿ ಮಾಡಿದ್ದು ಮರಾಠರ ಕುದುರೆ ದಂಡು. ಮಠದ ಪುನರುದ್ಧಾರಕ್ಕೆ ನೆರವು ಕಳುಹಿಸಿದವನು ಟಿಪ್ಪು ಸುಲ್ತಾನ್. ಲೂಟಿ ಮಾಡಿದವರೂ ಮಠದವರೂ ಒಂದೇ ದೇವರನ್ನು ಪೂಜಿಸುತ್ತಿದ್ದುದು ಲೂಟಿಗೆ ಅಡ್ಡಿಯಾಗಲಿಲ್ಲ. ಆದರೆ ಆ ಲೂಟಿಯನ್ನು ಪುಣ್ಯಕಾರ್ಯವೆಂದು ಯಾರೂ ಹೊಗಳಲಿಲ್ಲ ಎಂಬುದೂ ಗಮನಿಸಬೇಕಾದ ಮಾತು.

ಬುಕ್ಕರಾಯನ ತೀರ್ಪಿನಲ್ಲಿ ನಾನು ಅತ್ಯಂತ ಗೌರವಿಸುವ ಅಂಶ ಕೈಗೆ ಕೈ ಸೇರಿಸಿದ್ದಲ್ಲ, ಹೊಣೆಯನ್ನು ಹೊರಿಸಿದ ರೀತಿ. ಭಕ್ತರಿಂದ ಜೈನದರ್ಶನಕ್ಕೆ ಹಾನಿಯಾದರೆ ವೈಷ್ಣವರು ಅದನ್ನು ತಮ್ಮದೇ ಹಾನಿಯೆಂದು ಬಗೆಯಬೇಕು ಎಂದು ಶಾಸನ ವಿಧಿಸುತ್ತದೆ. ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಕಾವಲಿಗೆ 20 ಆಳುಗಳನ್ನು ನೇಮಿಸಬೇಕು, ಅದಕ್ಕಾಗಿ ಎತ್ತಿದ ಹಣದಲ್ಲಿ ಉಳಿದುದರಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಒಪ್ಪಂದ ಮುರಿದವನು ರಾಜದ್ರೋಹಿ ಮಾತ್ರವಲ್ಲ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ಶಾಸನವನ್ನು ಬೆಳಗೊಳದಲ್ಲಿ ಮಾತ್ರವಲ್ಲದೆ ಮಾಗಡಿ ಸೀಮೆಯ ಕಲ್ಯದಲ್ಲೂ ಹಾಕಿಸಲಾಯಿತು. ತಪ್ಪು ಮಾಡಿದವರು ನಮ್ಮವರೇ ಅಲ್ಲ ಎಂದು ಕೈತೊಳೆದುಕೊಳ್ಳುವ ದಾರಿಯನ್ನು ಈ ವ್ಯವಸ್ಥೆ ಆಚಾರ್ಯರಿಗೆ ಬಿಡಲಿಲ್ಲ. ಇಂದು ಯಾವ ಧರ್ಮದ ಮುಖಂಡರೇ ಆಗಲಿ, ತಮ್ಮ ಘೋಷಣೆ ಕೂಗುತ್ತಾ ಬೆಂಕಿ ಹಚ್ಚಿದವರ ಬಗ್ಗೆ ಆ ಮಾತನ್ನಾಡಿದರೆ ನಾನು ಒಪ್ಪಲಾರೆ.

ಇಷ್ಟಾದರೂ ಆ ತೀರ್ಪನ್ನು ಪೂರ್ಣ ನ್ಯಾಯವೆಂದು ಕರೆಯಲು ಮನಸ್ಸು ಬರುವುದಿಲ್ಲ. ಕಾವಲಿಗೂ ದುರಸ್ತಿಗೂ ಬೇಕಾದ ಹಣವನ್ನು, ಮನೆಗೆ ವರ್ಷಕ್ಕೆ 1 ಹಣದಂತೆ, ರಾಜ್ಯದ ಜೈನರೇ ಕೊಡಬೇಕಾಯಿತು. ಅನ್ಯಾಯ ಮಾಡಿದವರೆಂದು ದೂರಿಗೆ ಒಳಗಾದವರು ಏನನ್ನಾದರೂ ತೆರಬೇಕೆಂದು ಆ ಶಾಸನದಲ್ಲಿ ಎಲ್ಲಿಯೂ ಹೇಳಿಲ್ಲ.