ಕಾಲುವೆಗೆ ಬಿದ್ದ ಕೀ, ಕಾರಿನ ನೆನಪಲ್ಲಿದ್ದ ಕೀ

ಕಳೆದ ಡಿಸೆಂಬರ್‌ನ ಒಂದು ಭಾನುವಾರ. ಸಾಗರದ ಹತ್ತಿರದ ನಮ್ಮೂರಲ್ಲಿ ಅಡಿಕೆ ಕೊನೆ ಕೊಯ್ಲು ನಡೆದಿತ್ತು. ನಾನು ಶಿವಮೊಗ್ಗದ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಅಪ್ಪನಿಗೆ ಸ್ವಲ್ಪ ಆಸರೆಯಾಗಲಿ ಅಂತ ಶನಿವಾರ ರಾತ್ರಿಯೇ ಊರಿಗೆ ಹೋಗಿದ್ದೆ. ಬೆಳಗ್ಗೆಯಿಂದ ತೋಟದಲ್ಲಿ ಬಗ್ಗಿ ಬಗ್ಗಿ ಉದುರಡಿಕೆ ಹೆಕ್ಕಿದೆ. ಮಧ್ಯಾಹ್ನ ಊಟಕ್ಕೆ ಬಂದು ಕುರ್ತಾದ ಜೇಬಿಗೆ ಕೈ ಹಾಕಿದರೆ ಕಾರಿನ ಕೀ ಇಲ್ಲ.

ಊಟ ಬಿಟ್ಟು ತೋಟಕ್ಕೆ ಓಡಿದೆ. ಹೋದ ದಾರಿಯಲ್ಲೇ ಮತ್ತೆ ಮತ್ತೆ ನಡೆದೆ. ಕೊಯ್ಲಿಗೆ ಬಂದವರೂ ಹುಡುಕಿದರು. ಎರಡು ಕಡೆ ಕಾಲುವೆ ದಾಟಿದ್ದೆ, ಒಂದರಲ್ಲಿ ಮೊಣಕಾಲಿನವರೆಗೆ ಕೆಸರು. ಅಪ್ಪ ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ಕಾಲುವೆಯುದ್ದಕ್ಕೂ ಎಳೆದರು. ಮೊಳೆ ಬಂತು, ತಂತಿ ಬಂತು, ಕತ್ತಿಯ ಮುರಿದ ತುದಿ ಬಂತು. ಕೀ ಬರಲಿಲ್ಲ. ಆಮೇಲೆ ಯೋಚಿಸಿದರೆ ಕಾರಣ ಹೊಳೆಯಿತು. ಎಷ್ಟೋ ಕಾರ್ ಕೀಗಳ ಲೋಹದ ಪಟ್ಟಿ ಹಿತ್ತಾಳೆಯದ್ದು, ಇಲ್ಲವೇ ತಾಮ್ರ ನಿಕಲ್ ಸೇರಿದ ಮಿಶ್ರಲೋಹದ್ದು. ಅಯಸ್ಕಾಂತ ಅದನ್ನು ಸೆಳೆಯುವುದಿಲ್ಲ. ರಿಮೋಟಿನ ಒಳಗಿರುವ ಪುಟ್ಟ ಬ್ಯಾಟರಿಯ ಕವಚ ಹತ್ತಬಹುದು, ಆದರೆ ಪ್ಲಾಸ್ಟಿಕ್ಕಿನ ಹೊಟ್ಟೆಯೊಳಗಿಂದ, ಅಷ್ಟು ಕೆಸರಿನಿಂದ ಮೇಲೆ ಬರಲು ಆ ಸೆಳೆತ ಸಾಲದು.

ಸಂಜೆಯ ಹೊತ್ತಿಗೆ ನನಗೆ ಅಳು ಬರುವುದೊಂದೇ ಬಾಕಿ. ಅಂಗಳದಲ್ಲಿ ಕಾರು ಲಾಕ್ ಆಗಿ ನಿಂತಿತ್ತು. ಹಿಂದಿನ ಸೀಟಿನಲ್ಲಿ ಮಕ್ಕಳ ಮಧ್ಯವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟು. ಇನ್ನೊಂದು ಕೀ ಇದ್ದರೆ ಮನೆಯವರು ಬಸ್ಸಿನಲ್ಲಿ ತಂದುಕೊಡುತ್ತಿದ್ದರು. ಇನ್ನೊಂದು ಇರಲೇ ಇಲ್ಲ. ನಾಲ್ಕು ವರ್ಷದ ಹಿಂದೆ ಆ ಕಾರನ್ನು ಸೆಕೆಂಡ್ ಹ್ಯಾಂಡ್ ತಗೊಂಡಾಗ ಸಿಕ್ಕಿದ್ದು ಒಂದೇ ಕೀ. "ಇನ್ನೊಂದು ಮನೇಲಿ ಎಲ್ಲೋ ಇದೆ, ಹುಡುಕಿ ಕಳಿಸ್ತೀವಿ" ಅಂದಿದ್ದರು ಮಾರಿದವರು. ಎರಡು ಸಲ ನೆನಪಿಸಿದೆ. ಆಮೇಲೆ ಸುಮ್ನೆ ಬಿಟ್ಟುಬಿಟ್ಟೆ. ಇದನ್ನು ಬರೆಯುತ್ತಿರುವುದೇ ಆ ಬಿಟ್ಟುಬಿಟ್ಟ ಕೆಲಸದಿಂದ.

ಸೋಮವಾರ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ಒಂದು ಕೀಯೂ ಇಲ್ಲ ಅಂದರೆ ಕಾರನ್ನು ಲಾರಿ ಮೇಲೆ ಹಾಕಿ ತರಬೇಕು ಅಂದರು. ಚಾಸಿಸ್ ನಂಬರ್ ಕೊಟ್ಟು ಕಂಪನಿಯಿಂದ ಕೀ ತರಿಸಬೇಕು, ಹತ್ತು ಹನ್ನೆರಡು ದಿನ. ಲಾಕ್ ಸೆಟ್ ಬದಲಾಯಿಸಿದರೆ ಇನ್ನೂ ಜಾಸ್ತಿ. ಒಟ್ಟು ಲೆಕ್ಕ 18 ಸಾವಿರದ ಹತ್ತಿರ ಬಂತು, ಲಾರಿ ಖರ್ಚು ಬೇರೆ. ಇನ್ಶೂರೆನ್ಸ್ ಪಾಲಿಸಿ ತೆಗೆದು ನೋಡಿದೆ. ಕೀ ಕಳೆದರೆ ದುಡ್ಡು ಕೊಡುವ ಆಡ್ ಆನ್ ಅಂತ ಒಂದು ಇರುತ್ತದೆ. ನಾನು ಅದನ್ನು ತಗೊಂಡಿರಲಿಲ್ಲ. ಹಾಗಿದ್ದರೂ ಪೊಲೀಸರ ಇ-ಲಾಸ್ಟ್‌ನಲ್ಲಿ ಕೀ ಕಳೆದದ್ದನ್ನು ದಾಖಲಿಸಿ ಸ್ವೀಕೃತಿ ಇಟ್ಟುಕೊಂಡೆ. ಆ ಕೀ ಯಾರ ಕೈಗೆ ಸಿಗುತ್ತದೋ ಗೊತ್ತಿಲ್ಲವಲ್ಲ.

ಕೊನೆಗೆ ಸಹೋದ್ಯೋಗಿಯೊಬ್ಬರು ಶಿವಮೊಗ್ಗದ ಒಬ್ಬ ಕೀ ಮಾಡುವವರ ನಂಬರ್ ಕೊಟ್ಟರು. ಅವರು ಮಂಗಳವಾರ ಬೈಕಿನಲ್ಲಿ ಸುಮಾರು 70 ಕಿಲೋಮೀಟರ್ ಬಂದರು. ಬೆನ್ನಿಗೆ ಒಂದು ಬ್ಯಾಗು, ಹಿಂದೆ ಕಟ್ಟಿದ ಒಂದು ಪೆಟ್ಟಿಗೆ. ಬಂದವರು ಕಾರಿನ ಕಡೆ ಹೋಗಲೇ ಇಲ್ಲ. ಮೊದಲು ಆರ್‌ಸಿ ಕೇಳಿದರು, ನನ್ನ ಡ್ರೈವಿಂಗ್ ಲೈಸೆನ್ಸ್ ಕೇಳಿದರು, ಎರಡರಲ್ಲೂ ಹೆಸರು ತಾಳೆ ನೋಡಿ ಫೋಟೋ ತೆಗೆದುಕೊಂಡರು. ಆಗಲೇ ಅವರ ಮೇಲೆ ನಂಬಿಕೆ ಬಂತು. ನಿಮ್ಮ ಕಾರಿಗೆ ಯಾರಾದರೂ ಆರ್‌ಸಿ ಕೇಳದೆ ಕೀ ಮಾಡಿಕೊಡುತ್ತೇನೆ ಅಂದರೆ ಅವರಿಂದ ಮಾಡಿಸಬೇಡಿ. ನಾಳೆ ಅದೇ ಕಾರಿಗೆ ಬೇರೆಯವರಿಗೂ ಹಾಗೇ ಮಾಡಿಕೊಡುತ್ತಾರೆ.

ಡ್ರೈವರ್ ಬಾಗಿಲಿನ ಕೀ ತೂತಿಗೆ ತೆಳ್ಳನೆಯ ಒಂದು ಉಪಕರಣ ಹಾಕಿ ಕಿವಿಯಿಟ್ಟು ಕೂತರು. ಲಾಕಿನ ಒಳಗಿನ ಒಂದೊಂದೇ ತೆಳು ತಗಡನ್ನು ಮುಟ್ಟಿ ಮುಟ್ಟಿ ಅದು ಎಷ್ಟು ಆಳಕ್ಕೆ ಕೂರುತ್ತದೆ ಅಂತ ನೋಡುವುದು, ಚೀಟಿಯಲ್ಲಿ ಅಂಕೆ ಬರೆಯುವುದು. ಇಪ್ಪತ್ತು ನಿಮಿಷಕ್ಕೆ ಬಾಗಿಲು ತೆರೆಯಿತು. ಗಾಜಿಗೆ ಗೀರಿಲ್ಲ, ರಬ್ಬರ್ ಹರಿದಿಲ್ಲ. ಚೀಟಿಯಲ್ಲಿದ್ದ ಅಂಕೆಗಳನ್ನು ಪೆಟ್ಟಿಗೆಯಲ್ಲಿದ್ದ ಯಂತ್ರಕ್ಕೆ ಕೊಟ್ಟರು. ಅದು ಹೊಸ ಪಟ್ಟಿಯೊಂದನ್ನು ಕೊರೆದುಕೊಟ್ಟಿತು. ನಾನು ಮೊದಲು ಉತ್ತರ ಪತ್ರಿಕೆಗಳನ್ನು ಎತ್ತಿಕೊಂಡೆ.

ಹೊಸ ಕೀ ಹಾಕಿ ತಿರುಗಿಸಿದರು. ಇಂಜಿನ್ ಒಂದು ಸಲ ಗುರ್ ಅಂದು ನಿಂತಿತು. ಮೀಟರಿನಲ್ಲಿ ಕೀ ಚಿತ್ರವಿರುವ ಪುಟ್ಟ ದೀಪ ಬಡಬಡ ಮಿಟುಕಿತು.

"ನೋಡಿ ಮೇಡಂ, ಕೀ ಸರಿ ಇದೆ. ಆದ್ರೆ ಗಾಡಿಗೆ ಇದರ ಪರಿಚಯ ಇಲ್ಲ. ಈಗ ಪರಿಚಯ ಮಾಡಿಸ್ಬೇಕು" ಅಂದರು.

ಇಷ್ಟು ಸರಳವಾಗಿ ಇದನ್ನು ನಾನು ತರಗತಿಯಲ್ಲೂ ಹೇಳಿರಲಿಲ್ಲ.

ಇಂದಿನ ಕೀ ಅಂದರೆ ಒಂದೇ ಹಿಡಿಯೊಳಗೆ ಮೂರು ಬೇರೆ ಬೇರೆ ವಸ್ತುಗಳು. ಒಂದು, ಬಾಗಿಲು ತೆರೆಯುವ ಲೋಹದ ಪಟ್ಟಿ. ಇನ್ನೊಂದು, ಗುಂಡಿ ಒತ್ತಿದರೆ ಬಾಗಿಲು ತೆರೆಯುವ ರಿಮೋಟ್, ಅದಕ್ಕೆ ಬ್ಯಾಟರಿ ಬೇಕು. ಮೂರನೆಯದು ಹುಣಸೆ ಬೀಜದಷ್ಟು ದೊಡ್ಡ ಕಪ್ಪು ಚಿಪ್. ಇಂಜಿನ್ ಹತ್ತಬೇಕೋ ಬೇಡವೋ ಅನ್ನುವುದು ಅದರ ಕೈಯಲ್ಲಿದೆ. ಅದಕ್ಕೆ ಬ್ಯಾಟರಿಯೇ ಇಲ್ಲ. ರಿಮೋಟ್ ಸತ್ತರೂ ಇಂಜಿನ್ ಹತ್ತುವುದು ಇದರಿಂದಲೇ.

ಹೊಸ ಚಿಪ್ಪನ್ನು ಅಪ್ಪ ಅಂಗೈಯಲ್ಲಿಟ್ಟು ನೋಡಿದರು. "ಬ್ಯಾಟರಿ ಇಲ್ದೇ ಇದು ಹ್ಯಾಗೆ ಮಾತಾಡ್ತದೆ ಕೂಸೇ?" ಅಂದರು.

ಕೀ ಹಾಕುವ ತೂತಿನ ಸುತ್ತ ತಾಮ್ರದ ತಂತಿಯ ಸುರುಳಿಯೊಂದು ಇರುತ್ತದೆ. ಕೀ ತಿರುಗಿಸಿದಾಗ ಅದರಲ್ಲಿ ವಿದ್ಯುತ್ ಹಿಂದೆ ಮುಂದೆ ಹರಿಯುತ್ತದೆ, ಸೆಕೆಂಡಿಗೆ ಸುಮಾರು 1,25,000 ಸಲ. ಅದರಿಂದ ಸುತ್ತಲಿನ ಕಾಂತಕ್ಷೇತ್ರ ಬದಲಾಗುತ್ತಲೇ ಇರುತ್ತದೆ. ಚಿಪ್ಪಿನ ಒಳಗೂ ಒಂದು ಸುರುಳಿ ಇದೆ. ಬದಲಾಗುವ ಕಾಂತಕ್ಷೇತ್ರ ಅದರಲ್ಲಿ ವಿದ್ಯುತ್ ಹುಟ್ಟಿಸುತ್ತದೆ. ಅಷ್ಟೇ ವಿದ್ಯುತ್ತಿನಲ್ಲಿ ಚಿಪ್ ಎಚ್ಚರವಾಗಿ ಉತ್ತರ ಕೊಡುತ್ತದೆ. ಕೀ ಹೊರಗೆ ತೆಗೆದರೆ ಮತ್ತೆ ನಿದ್ದೆ. ಇದು 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆ. ನನ್ನ ಹಿಂದಿನ ಸೀಟಿನಲ್ಲಿದ್ದ ಉತ್ತರ ಪತ್ರಿಕೆಗಳಲ್ಲಿ ಐದು ಅಂಕದ ಪ್ರಶ್ನೆ ಇದರ ಮೇಲೇ ಇತ್ತು! ಅಪ್ಪನಿಗೆ ಮಾತ್ರ ಫಾಸ್ಟ್‌ಟ್ಯಾಗ್ ತೋರಿಸಿದೆ. ಗಾಜಿಗೆ ಅಂಟಿಸಿದ ಆ ಚೀಟಿಗೂ ಬ್ಯಾಟರಿ ಇಲ್ಲ. ಟೋಲಿನಲ್ಲಿರುವ ಯಂತ್ರ ಕಳಿಸುವ ಅಲೆಯಲ್ಲೇ ಅದಕ್ಕೆ ಬೇಕಾದ ಶಕ್ತಿ ಸಿಗುತ್ತದೆ. ಅವರಿಗೆ ತಕ್ಷಣ ಅರ್ಥವಾಯಿತು.

ಇನ್ನು ಉತ್ತರದ ವಿಷಯ. ಹಳೆಯ ಚಿಪ್‌ಗಳು ಒಂದೇ ಸಂಖ್ಯೆಯನ್ನು ಹೇಳುತ್ತಿದ್ದವು. ಒಮ್ಮೆ ಕೇಳಿಸಿಕೊಂಡವನು ನಕಲು ಮಾಡಬಹುದಿತ್ತು. ಈಗಿನವು ಹಾಗಲ್ಲ. ಕಾರು ಪ್ರತಿ ಸಲ ಹೊಸದೊಂದು ಸಂಖ್ಯೆ ಕೊಡುತ್ತದೆ. ಕಾರಿಗೂ ಚಿಪ್ಪಿಗೂ ಮಾತ್ರ ಗೊತ್ತಿರುವ ಒಂದು ಗುಟ್ಟು ಇದೆ. ಆ ಗುಟ್ಟು ಸೇರಿಸಿ ಚಿಪ್ ಲೆಕ್ಕ ಮಾಡಿ ಉತ್ತರ ಹೇಳುತ್ತದೆ. ಕಾರೂ ತನ್ನೊಳಗೆ ಅದೇ ಲೆಕ್ಕ ಮಾಡುತ್ತದೆ. ಎರಡೂ ತಾಳೆಯಾದರೆ ಇಂಜಿನ್. ಗುಟ್ಟು ಗಾಳಿಯಲ್ಲಿ ಹೋಗುವುದೇ ಇಲ್ಲ. ಇವತ್ತಿನ ಪ್ರಶ್ನೆಯ ಉತ್ತರ ಕದ್ದರೆ ನಾಳೆಯ ಪ್ರಶ್ನೆಗೆ ಉಪಯೋಗವಿಲ್ಲ.

ಗುಟ್ಟು ಎಷ್ಟು ಉದ್ದ ಅನ್ನುವುದೂ ಮುಖ್ಯ. 2000ದ ದಶಕದ ಮೊದಲಲ್ಲಿ ತುಂಬಾ ಬಳಕೆಯಲ್ಲಿದ್ದ ಇಂಥ ಒಂದು ಚಿಪ್ಪಿನಲ್ಲಿ 40 ಬಿಟ್‌ನ, ಅಂದರೆ ಸೊನ್ನೆ ಒಂದುಗಳ 40 ಅಂಕೆಯ, ಗುಟ್ಟಿತ್ತು. ಅಂದರೆ ಸುಮಾರು 1.1 ಲಕ್ಷ ಕೋಟಿ ಸಾಧ್ಯತೆಗಳು. ಕೇಳಲು ದೊಡ್ಡದು, ಆದರೆ ಕಂಪ್ಯೂಟರಿಗೆ ದೊಡ್ಡದಲ್ಲ. 2005ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್‌ಎಸ್‌ಎ ಲ್ಯಾಬ್ಸ್‌ನ ಸಂಶೋಧಕರು ಅದನ್ನು ಒಡೆದು ತೋರಿಸಿದರು. ಈಗಿನ ಒಳ್ಳೆಯ ಚಿಪ್‌ಗಳಲ್ಲಿ 128 ಬಿಟ್ ಇರುತ್ತದೆ. ಹಾಗಂತ ಈ ಚಿಪ್ ವ್ಯವಸ್ಥೆಯನ್ನು ಕಡಿಮೆ ಅಂದುಕೊಳ್ಳಬೇಡಿ. ಗುರುತಿಲ್ಲದ ಕೀ ಹಾಕಿದರೆ ಇಂಜಿನ್ ಹತ್ತದಂತೆ ತಡೆಯುವ ಈ ವ್ಯವಸ್ಥೆಗೆ ಇಮ್ಮೊಬಿಲೈಸರ್ ಅಂತ ಹೆಸರು, ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಅದು ಕಡ್ಡಾಯ. ಎರಡು ತಂತಿ ಕಿತ್ತು ಮುಟ್ಟಿಸಿ ಗಾಡಿ ಓಡಿಸಿಕೊಂಡು ಹೋಗುವ ಕಾಲ ಮುಗಿದದ್ದು ಇದರಿಂದ.

ರಿಮೋಟಿನ ಗುಂಡಿಯ ಕಥೆ ಸ್ವಲ್ಪ ಬೇರೆ. ಅಲ್ಲಿ ಕಾರು ಪ್ರಶ್ನೆ ಕೇಳುವುದಿಲ್ಲ, ಕೀ ಒಂದೇ ಮಾತಾಡುತ್ತದೆ. ಒಂದೇ ಪಂಚಾಂಗದ ಎರಡು ಪ್ರತಿ ಇಬ್ಬರ ಕೈಯಲ್ಲಿ ಇದ್ದ ಹಾಗೆ. ಪ್ರತಿ ಸಲ ಒತ್ತಿದಾಗ ಕೀ ಮುಂದಿನ ಪುಟಕ್ಕೆ ಹೋಗಿ ಅಲ್ಲಿದ್ದದ್ದನ್ನು ಹೇಳುತ್ತದೆ. ಕಾರು ತನ್ನ ಪ್ರತಿಯಲ್ಲಿ ನೋಡಿಕೊಳ್ಳುತ್ತದೆ. ಮುಗಿದ ಪುಟ ಓದಿದರೆ ಒಪ್ಪುವುದಿಲ್ಲ. ಮನೆಯಲ್ಲಿ ಮಕ್ಕಳು ಕೀ ಹಿಡಿದು ಸುಮ್ನೆ ಒತ್ತುತ್ತಾ ಕೂತರೆ ಕೀ ತುಂಬಾ ಪುಟ ಮುಂದೆ ಹೋಗಿಬಿಡುತ್ತದೆ. ಸ್ವಲ್ಪ ಮುಂದಿದ್ದರೆ ಕಾರು ಹುಡುಕಿಕೊಳ್ಳುತ್ತದೆ. ತೀರಾ ಮುಂದೆ ಹೋದರೆ ಮತ್ತೆ ಜೋಡಿಸಬೇಕು.

ಮತ್ತೆ ಅಂಗಳಕ್ಕೆ ಬರೋಣ. ಕೀ ಮಾಡುವವರು ಸ್ಟೀರಿಂಗಿನ ಕೆಳಗಿರುವ 16 ಪಿನ್ನಿನ ಓಬಿಡಿ ಪೋರ್ಟಿಗೆ, ಅಂದರೆ ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಕಿಂಡಿಗೆ, ತಮ್ಮ ಯಂತ್ರ ಜೋಡಿಸಿದರು. ಕಾರಿನ ಗುಪ್ತ ಸಂಖ್ಯೆ ಪಡೆದು ಒಳಗೆ ಹೋದರು. ಪರದೆ ನನ್ನ ಕಡೆ ತಿರುಗಿಸಿ "ಮೇಡಂ, ನಿಮ್ಮತ್ರ ಎಷ್ಟು ಕೀ ಇತ್ತು?" ಅಂದರು.

"ಒಂದೇ."

"ಗಾಡಿ ಎರಡು ಅಂತಿದೆ."

ನನಗೆ ಕೈಕಾಲು ತಣ್ಣಗಾಯಿತು. ನಾಲ್ಕು ವರ್ಷ ಆ ಇನ್ನೊಂದು ಕೀ ಕಾರಿನ ನೆನಪಲ್ಲಿ ಜೀವಂತವಾಗಿತ್ತು. ಯಾರದೋ ಮನೆಯ ಡ್ರಾಯರಿನಲ್ಲೋ, ಯಾರದೋ ಜೇಬಿನಲ್ಲೋ. ಅದನ್ನು ಹಿಡಿದು ಬಂದವರು ಯಾವ ಗದ್ದಲವೂ ಇಲ್ಲದೆ ನನ್ನ ಕಾರು ಓಡಿಸಿಕೊಂಡು ಹೋಗಬಹುದಿತ್ತು. ಕಾರು ಕಳುವಾದರೆ ಇನ್ಶೂರೆನ್ಸಿನವರು ಸಾಮಾನ್ಯವಾಗಿ ಎರಡೂ ಕೀ ಕೊಡಿ ಅನ್ನುತ್ತಾರೆ. ನಾನು ಎಲ್ಲಿಂದ ತರಲಿ? ಸಾಲ ಮಾಡಿ ತಗೊಂಡ ಕಾರು ಅದು. ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಎರಡನ್ನೂ ಅಳಿಸಿಹಾಕಿದರು. ಎರಡು ಹೊಸ ಕೀ ಸೇರಿಸಿದರು. ಒಂದು ರಿಮೋಟ್ ಇರುವುದು, ಇನ್ನೊಂದು ಬರೀ ಚಿಪ್ಪಿನ ಸಾದಾ ಕೀ. ಒಟ್ಟು 7,500 ರೂಪಾಯಿ, ಬಂದು ಹೋಗುವ ಪೆಟ್ರೋಲ್ ಸೇರಿ. ಒಂದು ಕೀ ಕೈಯಲ್ಲಿದ್ದಾಗಲೇ ಅಂಗಡಿಗೆ ಬಂದಿದ್ದರೆ 2,500ಕ್ಕೆ ಮುಗಿಯುತ್ತಿತ್ತು ಅಂದರು. ಕೀ ಇದ್ದರೆ ಲಾಕ್ ಓದುವ ಕೆಲಸ ಇಲ್ಲ, ಕಾರಿನ ಒಳಗೆ ಹೋಗುವ ಕಷ್ಟವೂ ಕಡಿಮೆ.

ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳುವವರಿಗೆ ಕೈ ಮುಗಿದು ಕೇಳುತ್ತೇನೆ. ಎರಡು ಕೀ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಕಳೆದೇ ಹೋಗಿದೆ ಅಂದರೆ ಬೆಲೆಯಲ್ಲಿ ಅಷ್ಟು ಕಡಿಮೆ ಮಾಡಿಸಿ, ಅದೇ ವಾರ ಹೊಸದು ಮಾಡಿಸಿ. ಮಾಡಿಸುವಾಗ ಪರದೆಯಲ್ಲಿ ಕಾರು ಎಷ್ಟು ಕೀ ಅನ್ನುತ್ತಿದೆ ಅಂತ ತೋರಿಸಲು ಹೇಳಿ. ನಿಮ್ಮ ಕೈಯಲ್ಲಿ ಇಲ್ಲದ್ದನ್ನೆಲ್ಲ ಅಳಿಸಿಸಿ. ಹೊಸ ಕಾರಿನವರು ಕೀ ಗೊಂಚಲಲ್ಲಿ ಬರುವ ಸಂಖ್ಯೆಯ ಪುಟ್ಟ ಬಿಲ್ಲೆಯನ್ನು ಎಸೆಯಬೇಡಿ. ಪಟ್ಟಿ ಕೊರೆಯಲು ಆ ಸಂಖ್ಯೆ ಸಾಕು. ಫೋಟೋ ತೆಗೆದು ಯಾರಿಗೂ ಕಳಿಸಬೇಡಿ ಮತ್ತೆ!

ಬೆಂಗಳೂರಿನಲ್ಲಿರುವ ನನ್ನ ತಮ್ಮ ಇದನ್ನೆಲ್ಲ ಕೇಳಿ, "ಅಕ್ಕ, ನಂದು ಬಟನ್ ಸ್ಟಾರ್ಟು, ಆ ರಗಳೆ ಇಲ್ಲ" ಅಂದ. ಅವನದಕ್ಕೆ ಬೇರೆ ರಗಳೆ ಇದೆ. ಅವನ ಕೀ ಜೇಬಿನಲ್ಲೇ ಇರುತ್ತದೆ. ಬಾಗಿಲು ಮುಟ್ಟಿದರೆ ಕಾರು ಒಂದೆರಡು ಮೀಟರಿನಷ್ಟು ದೂರ ಮಾತ್ರ ಮುಟ್ಟುವ ಸಂಕೇತ ಕಳಿಸುತ್ತದೆ. ಕೀ ಉತ್ತರಿಸಿದರೆ, ಹತ್ತಿರವೇ ಇದ್ದಾನೆ ಅಂತ ಕಾರು ಅಂದುಕೊಳ್ಳುತ್ತದೆ. ಕಳ್ಳರಿಬ್ಬರು ಆ ಸಂಕೇತವನ್ನು ಹಿಡಿದು ದೂರಕ್ಕೆ ದಾಟಿಸಿದರೆ? ಒಬ್ಬ ಕಾರಿನ ಹತ್ತಿರ, ಇನ್ನೊಬ್ಬ ಮನೆ ಬಾಗಿಲಲ್ಲಿ. ಕೀ ಒಳಗೆ ಟಿವಿ ಪಕ್ಕದಲ್ಲಿದ್ದರೂ ಕಾರು ತೆರೆಯುತ್ತದೆ. ಗುಟ್ಟು ಒಡೆಯುವ ಅಗತ್ಯವೇ ಇಲ್ಲ. ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್‌ನ ಸಂಶೋಧಕರು 2011ರಲ್ಲಿ 8 ಕಂಪನಿಗಳ 10 ಮಾದರಿಗಳ ಮೇಲೆ ಇದನ್ನು ಮಾಡಿ ನೋಡಿದರು. ಹತ್ತೂ ತೆರೆದವು. ಈಗ ಬರುವ ಕೆಲವು ಕೀಗಳು ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ಅಳೆದು ನಿಜವಾದ ದೂರ ಲೆಕ್ಕ ಹಾಕುತ್ತವೆ. ತಮ್ಮನದು ಹಾಗಿಲ್ಲ. ರಾತ್ರಿ ಕೀಯನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡು ಅಂದೆ. ಡಬ್ಬಿ ಹಿಡಿದುಕೊಂಡೇ ಕಾರಿನ ಬಾಗಿಲು ಮುಟ್ಟಿ ನೋಡಿದನಂತೆ. ತೆರೆಯಲಿಲ್ಲ. ಅವನ ಕೀಯಲ್ಲೂ ಚಿಪ್ ಇದೆ. ಬ್ಯಾಟರಿ ಸತ್ತರೆ ಅಡಗಿಸಿಟ್ಟ ಲೋಹದ ಪಟ್ಟಿಯಿಂದ ಬಾಗಿಲು ತೆರೆದು, ಕೀಯನ್ನು ಸ್ಟಾರ್ಟ್ ಬಟನ್ನಿಗೇ ತಾಗಿಸಿ ಒತ್ತಬೇಕು. ಅವನ ಕಾರಿನಲ್ಲಿ ಹಾಗೆ. ಕೆಲವು ಕಾರುಗಳಲ್ಲಿ ಆ ಜಾಗ ಬೇರೆ ಕಡೆ ಇರುತ್ತದೆ.

ಮೇ ತಿಂಗಳಲ್ಲಿ ಅಪ್ಪ ಮಳೆಗಾಲಕ್ಕೆ ಮುಂಚೆ ಕಾಲುವೆಯ ಹೂಳು ತೆಗೆಸಿದರು. ಎರಡನೇ ದಿನ ಫೋನ್ ಬಂತು. "ಕೂಸೇ, ನಿನ್ನ ಕೀ ಸಿಕ್ತು."

ಆ ವಾರವೇ ಹೋದೆ. ತೊಳೆದು ಒರೆಸಿ ಒಣಗಿಸಿದ್ದರು. ರಿಮೋಟ್ ಸತ್ತಿತ್ತು, ಬ್ಯಾಟರಿ ಸೋರಿ ಒಳಗೆಲ್ಲ ಹಸಿರುಗಟ್ಟಿತ್ತು. ಪಟ್ಟಿಯನ್ನು ಬಾಗಿಲಿಗೆ ಹಾಕಿ ತಿರುಗಿಸಿದೆ. ಬಾಗಿಲು ತೆರೆಯಿತು. ಲಾಕ್ ಬದಲಾಯಿಸಿಲ್ಲ, ಲೋಹಕ್ಕೆ ಲೋಹ ಸರಿಹೊಂದುತ್ತದೆ. ಅಂದರೆ ಆ ಇನ್ನೊಂದು ಹಳೇ ಕೀಯಿಂದಲೂ ಬಾಗಿಲು ತೆರೆಯುತ್ತದೆ. ಅದಕ್ಕೇ ನಾನೀಗ ಕಾರಿನೊಳಗೆ ಏನನ್ನೂ ಬಿಟ್ಟು ಹೋಗುವುದಿಲ್ಲ. ಒಳಗೆ ಕೂತು ಇಂಜಿನ್ ಹತ್ತಿಸಲು ನೋಡಿದೆ. ಗುರ್ ಅಂದು ನಿಂತಿತು. ದೀಪ ಬಡಬಡ ಮಿಟುಕಿತು.

ಅಪ್ಪ ಕಿಟಕಿಯಲ್ಲಿ ಬಗ್ಗಿ ನೋಡುತ್ತಿದ್ದರು. "ಅದು ಕೆಸರಲ್ಲಿ ಸತ್ತೇ ಹೋಯ್ತಾ?"

"ಇಲ್ಲಪ್ಪ, ಚಿಪ್ ಇನ್ನೂ ಉತ್ತರ ಹೇಳ್ತಿರಬಹುದು. ಕಾರಿನ ಪಟ್ಟಿಯಲ್ಲಿ ಅದರ ಹೆಸರಿಲ್ಲ."

ಹೊಸ ಕೀ ಹಾಕಿದೆ. ದೀಪ ಆರಿತು, ಇಂಜಿನ್ ಹತ್ತಿತು. ಇನ್ನೊಂದು ಹೊಸ ಕೀ ಒಳಗೆ ಅಕ್ಕಿ ಡಬ್ಬಿಯ ಮೇಲಿನ ಮೊಳೆಯಲ್ಲಿ ನೇತಾಡುತ್ತಿದೆ, ಅಪ್ಪನ ಕಣ್ಣೆದುರೇ.