ಬ್ಲಫ್‌ಗೆ ಹೊರಡುವ ಮುನ್ನ ಹೊರಹರಿವು ನೋಡಿ

ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರುವಂಥ ಜಲಪಾತ ಎಂದರೆ ಶಿವನಸಮುದ್ರ. ಸುತ್ತಲಿನ ಊರುಗಳಲ್ಲಿ ‘ಬ್ಲಫ್’ ಎಂದರೂ ಗೊತ್ತಾಗುತ್ತದೆ. ಕನಕಪುರ ರಸ್ತೆಯಲ್ಲಿ ಸುಮಾರು 130 ಕಿ.ಮೀ. ಇಲ್ಲಿ ಕಾವೇರಿ ಎರಡು ಕವಲಾಗಿ ಒಂದು ನಡುಗಡ್ಡೆಯನ್ನು ಬಳಸಿ ಹರಿಯುತ್ತಾಳೆ. ಪಶ್ಚಿಮದ ಕವಲು ಗಗನಚುಕ್ಕಿಯಾಗಿ, ಪೂರ್ವದ ಕವಲು ಭರಚುಕ್ಕಿಯಾಗಿ ಧುಮುಕಿ, ಮುಂದೆ ಮತ್ತೆ ಒಂದಾಗುತ್ತವೆ.

ಈ ಪ್ರವಾಸ ಚೆನ್ನಾಗಿ ಆಗುವುದೂ ಕೆಡುವುದೂ ರಸ್ತೆಯ ಮೇಲೆ ನಿಂತಿಲ್ಲ, ಮೇಲಿನ ಎರಡು ಅಣೆಕಟ್ಟೆಗಳ ಮೇಲೆ ನಿಂತಿದೆ. ಕೆ.ಆರ್.ಎಸ್.ನಿಂದ ಬಿಟ್ಟ ಕಾವೇರಿ, ಕಬಿನಿ ಅಣೆಕಟ್ಟೆಯಿಂದ ಬಿಟ್ಟ ಕಪಿಲೆ, ಎರಡೂ ತಿರುಮಕೂಡಲು ನರಸೀಪುರದಲ್ಲಿ ಕೂಡಿ ಇಲ್ಲಿಗೆ ಬರುತ್ತವೆ. ಬೆಂಗಳೂರಿನಲ್ಲಿ ಜೋರು ಮಳೆ ಸುರಿದರೂ ಶಿವನಸಮುದ್ರ ತುಂಬುವುದಿಲ್ಲ. ಅದಕ್ಕೆ ಕೊಡಗಿನಲ್ಲೂ ವಯನಾಡಿನಲ್ಲೂ ಮಳೆಯಾಗಬೇಕು. ಸಾಮಾನ್ಯವಾಗಿ ಮೊದಲು ತುಂಬುವುದು ಕಬಿನಿ, ಆಮೇಲೆ ಕೆ.ಆರ್.ಎಸ್. ಹಾಗಾಗಿ ಜುಲೈ ಕೊನೆಯಿಂದ ಅಕ್ಟೋಬರ್‌ವರೆಗಿನ ದಿನಗಳು ಹೆಚ್ಚು ಭರವಸೆಯವು. ಮಾರ್ಚ್, ಏಪ್ರಿಲ್‌ನಲ್ಲಿ ಹೋದವರಿಗೆ ಬಹುಪಾಲು ಕಾಣಿಸುವುದು ಕರಿ ಬಂಡೆ.

ಪತ್ರಿಕೆಗಳಲ್ಲಿ ಜಲಾಶಯಗಳ ಮಟ್ಟದ ಪಟ್ಟಿ ಬರುತ್ತದಲ್ಲ, ಅದನ್ನು ಹೊರಡುವ ಹಿಂದಿನ ಎರಡು ದಿನ ನೋಡಿಕೊಳ್ಳಿ. ಕೆ.ಆರ್.ಎಸ್. ಪೂರ್ಣ ಮಟ್ಟ 124.80 ಅಡಿ. ಆದರೆ ಮಟ್ಟಕ್ಕಿಂತ ಮುಖ್ಯವಾದದ್ದು ‘ಹೊರಹರಿವು’. ಅದರಲ್ಲಿ ನಾಲೆಗಳಿಗೆ ಬಿಟ್ಟ ನೀರೂ ಸೇರಿರುತ್ತದೆ, ಅದು ಜಲಪಾತಕ್ಕೆ ಬರುವುದಿಲ್ಲ. ನದಿಗೆ ಎಷ್ಟು ಎಂದು ಬೇರೆಯಾಗಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. ಎರಡೂ ಅಣೆಕಟ್ಟೆಗಳಿಂದ ನದಿಗೆ ಸೇರಿ ಬರುವುದು ಎರಡು ಮೂರು ಸಾವಿರ ಕ್ಯುಸೆಕ್‌ನೊಳಗಿದ್ದರೆ ಜಲಪಾತಕ್ಕೆ ಉಳಿಯುವುದು ಎಳೆ ಎಳೆಯಷ್ಟೇ. ಹತ್ತು ಸಾವಿರ ದಾಟಿದರೆ ಕಣ್ಣು ತುಂಬುತ್ತದೆ. ಐವತ್ತು ಸಾವಿರ ದಾಟಿತೆಂದರೆ ಕೆಳಗಿಳಿಯುವ ಮೆಟ್ಟಿಲಿಗೆ ತಡೆ ಹಾಕಿರುತ್ತಾರೆ ಎಂದುಕೊಂಡೇ ಹೊರಡಿ. ಇದು ಇಲಾಖೆಯ ಲೆಕ್ಕವಲ್ಲ, ಅಂದಾಜಿನ ಲೆಕ್ಕ. ಬಿಟ್ಟ ನೀರು ಆ ಗಳಿಗೆಯಲ್ಲೇ ಇಲ್ಲಿಗೆ ತಲುಪದ ಕಾರಣ ಹಿಂದಿನ ದಿನದ ಅಂಕಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸಣ್ಣ ಹರಿವು ಎಲ್ಲಿ ಮಾಯವಾಗುತ್ತದೆ? ಜಲಪಾತಕ್ಕಿಂತ ಮೇಲೆಯೇ ನೀರನ್ನು ಕಾಲುವೆಗೆ ತಿರುಗಿಸಿ, ಕೊಳವೆಗಳಲ್ಲಿ ಇಳಿಸಿ ವಿದ್ಯುತ್ ತೆಗೆಯುತ್ತಾರೆ. 1902ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಮುತುವರ್ಜಿಯ ಫಲವಾಗಿ ಶುರುವಾದ ಕೇಂದ್ರ ಇದು. ಮೊದಲ ಕರೆಂಟು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿತು. ಈಗಿನ ಸಾಮರ್ಥ್ಯ 42 ಮೆಗಾವಾಟ್. ಬೆಂಗಳೂರಿನ ಕುಡಿಯುವ ನೀರನ್ನೂ ಇಲ್ಲಿನ ಶಿವ ಅಣೆಕಟ್ಟೆಯ ಬಳಿಯೇ ಎತ್ತಿಕೊಳ್ಳುತ್ತಾರೆ. ಅದು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಹಂತಗಳಲ್ಲಿ ಪಂಪ್ ಆಗಿ ಮೇಲೇರುತ್ತದೆ. ನೀವು ಹೋಗುವುದು ಇದೇ ರಸ್ತೆಯಲ್ಲಿ. ಮಕ್ಕಳಿದ್ದರೆ ಮರೆಯದೆ ತೋರಿಸಿ: ಬೆಳಿಗ್ಗೆ ಮುಖ ತೊಳೆದ ನೀರು ಈ ಜಲಪಾತದ ನೆತ್ತಿಯಿಂದಲೇ ಬಂದದ್ದು.

ಮನೆಯಿಂದ ಆರು ಗಂಟೆಗೆ ಹೊರಡುವುದು ಒಳ್ಳೆಯದು. ಏಳರ ನಂತರ ಬನಶಂಕರಿಯಿಂದ ಕಗ್ಗಲೀಪುರ ದಾಟುವುದರಲ್ಲೇ ಹೊತ್ತು ಹೋಗುತ್ತದೆ. ಹಾರೋಹಳ್ಳಿ, ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ, ಇದು ದಾರಿಯ ಕ್ರಮ. ತಿಂಡಿಯನ್ನು ಕನಕಪುರದಲ್ಲಿ ಮುಗಿಸಿಕೊಳ್ಳಿ, ಪೆಟ್ರೋಲ್ ಮಳವಳ್ಳಿಯೊಳಗೇ ಹಾಕಿಸಿ. ಓಡಾಟವೆಲ್ಲ ಸೇರಿ 290 ಕಿ.ಮೀ. ಹಿಡಿದರೆ, ಲೀಟರಿಗೆ 15 ಕೊಡುವ ಕಾರಿಗೆ ಇಪ್ಪತ್ತು ಲೀಟರ್ ಬೇಕು. ಸಾತನೂರಿನಾಚೆ ತಿರುವುಗಳಿವೆ, ಎದುರಿಗೆ ಮಹದೇಶ್ವರ ಬೆಟ್ಟದ ಬಸ್ಸುಗಳು ಬರುತ್ತಿರುತ್ತವೆ, ಅಲ್ಲಿ ಓವರ್‌ಟೇಕ್ ಬೇಡ. ಕೊಳ್ಳೇಗಾಲದ ಬಸ್ಸು ಹತ್ತಿ ಸತ್ತೇಗಾಲ ಹ್ಯಾಂಡ್‌ಪೋಸ್ಟ್‌ನಲ್ಲಿ ಇಳಿದು ಆಟೊ ಹಿಡಿಯುವುದೂ ಉಂಟು. ಹಾಗೆ ಹೋದರೆ ಭರಚುಕ್ಕಿಗೆ ಹೋಗಿಬರುವ, ಕಾಯುವ ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ. ವಾಪಸಾತಿಗೆ ಅಲ್ಲಿ ಬೇರೆ ಆಟೊ ಸಿಗುತ್ತದೆಂಬ ಖಾತರಿ ಇಲ್ಲ.

ಮೊದಲು ಗಗನಚುಕ್ಕಿ ನೋಡಿ. ಮಳವಳ್ಳಿ ಕಡೆಯಿಂದ ಬರುವವರಿಗೆ ಅದೇ ಹತ್ತಿರ. ಸುಮಾರು 98 ಮೀಟರ್ ಎತ್ತರದಿಂದ ಬೀಳುವ ನೀರನ್ನು ಕಣಿವೆಯ ಈಚೆ ದಡದ ವೀಕ್ಷಣಾ ಗೋಪುರದಿಂದ ಇಡಿಯಾಗಿ ಕಾಣಬಹುದು. ಹೆಚ್ಚು ನಡೆಯಬೇಕಿಲ್ಲ, ಆದ್ದರಿಂದ ಮಂಡಿನೋವಿನ ಅಜ್ಜಿ ತಾತಂದಿರಿಗೂ ಇದೇ ಅನುಕೂಲ. ತುಂಬು ಹರಿವಿನಲ್ಲಿ ಹನಿ ಇಲ್ಲಿಯವರೆಗೂ ಹಾರಿ ಬರುತ್ತದೆ, ಮೊಬೈಲಿನ ಲೆನ್ಸ್ ಒರೆಸಲು ಹತ್ತಿಬಟ್ಟೆ ಇರಲಿ. ಕಾಮನಬಿಲ್ಲು ಬೇಕೆಂದರೆ ಬಿಸಿಲು ಬೆನ್ನಿಗೆ ಬೀಳುವಂತೆ ನಿಂತು ಹುಡುಕಬೇಕು.

ನಡುಗಡ್ಡೆಯ ದರ್ಗಾ ಕಡೆಯಿಂದ ಕೆಲವರು ಗಗನಚುಕ್ಕಿಯ ಬಂಡೆಗಳ ಮೇಲೆ ಇಳಿಯುತ್ತಾರೆ. ಇದನ್ನು ಯಾರೂ ಮಾಡಬಾರದು. ಒಣಗಿದಂತೆ ಕಾಣುವ ಬಂಡೆಯ ಮೇಲೂ ತೆಳು ಪಾಚಿ ಕೂತಿರುತ್ತದೆ, ಚಪ್ಪಲಿ ಹಿಡಿಯುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಏರುವ ನೀರು. ಮೇಲೆ ಅಣೆಕಟ್ಟೆಯಲ್ಲಿ ಗೇಟು ಎತ್ತಿದರೂ, ವಿದ್ಯುತ್ ಕೇಂದ್ರ ನೀರು ತೆಗೆಯುವುದನ್ನು ನಿಲ್ಲಿಸಿದರೂ, ಆ ನೀರೆಲ್ಲ ನದಿಗೇ ಬರುತ್ತದೆ. ಬಿಸಿಲಿದ್ದು, ಆಕಾಶ ತಿಳಿಯಾಗಿದ್ದಾಗಲೂ ಹೀಗಾಗಬಹುದು. ನಡುಬಂಡೆಯ ಮೇಲೆ ನಿಂತವನ ಹಿಂದೆ ದಾರಿ ಮುಚ್ಚಿಹೋಗುತ್ತದೆ. ನೀರಿನ ಬಣ್ಣ ಕೆಂಪಾದರೆ, ಕಡ್ಡಿ ಕಸ ತೇಲಿಬಂದರೆ, ಮೊರೆತ ಹೆಚ್ಚಾದರೆ, ಮಕ್ಕಳ ಕೈ ಹಿಡಿದು ತಕ್ಷಣ ಮೇಲೆ ಬನ್ನಿ.

ಗಗನಚುಕ್ಕಿಯಿಂದ ಮುಖ್ಯರಸ್ತೆಗೆ ಮರಳಿ, ಹೊಳೆ ದಾಟಿ, ಸತ್ತೇಗಾಲದ ಕಡೆಯಿಂದ ನಡುಗಡ್ಡೆಗೆ ಸುತ್ತಿ ಬರಬೇಕು, ಸುಮಾರು 15 ಕಿ.ಮೀ. ಕಲ್ಲುಕಂಬಗಳ ಹಳೆಯ ವೆಸ್ಲಿ ಸೇತುವೆ ಪಕ್ಕದಲ್ಲೇ ಕಾಣುತ್ತದೆ. 2018ರ ಪ್ರವಾಹದಲ್ಲಿ ಅದರ ಒಂದು ಭಾಗ ಕೊಚ್ಚಿಹೋಯಿತು. ಹೊಳೆ ಎಷ್ಟು ಮೇಲೆ ಬರಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ದಾರಿಯಲ್ಲಿ ಮಧ್ಯರಂಗನ ದೇವಸ್ಥಾನ ಸಿಗುತ್ತದೆ. ಶ್ರೀರಂಗಪಟ್ಟಣದ ಆದಿರಂಗ, ಶ್ರೀರಂಗದ ಅಂತ್ಯರಂಗ, ನಡುವೆ ಈತ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ದರ್ಶನ ಬೇಕಿದ್ದವರು ಹನ್ನೆರಡರೊಳಗೆ ತಲುಪಲಿ.

ಭರಚುಕ್ಕಿ ಸುಮಾರು 69 ಮೀಟರ್. ಎತ್ತರದಲ್ಲಿ ಕಡಿಮೆ, ಹರವಿನಲ್ಲಿ ಹೆಚ್ಚು. ಅಗಲವಾದ ಬಂಡೆಯ ಉದ್ದಕ್ಕೂ ಹತ್ತಾರು ಧಾರೆಗಳಾಗಿ ಇಳಿಯುವುದೇ ಅದರ ಚೆಲುವು. ಒಂದನ್ನೇ ನೋಡಲು ಸಮಯವಿದ್ದರೆ ಭರಚುಕ್ಕಿಗೇ ಹೋಗಿ ಎಂಬುದು ನಮ್ಮ ಮಾತು. ಕೆಳಗಿಳಿಯಲು ಮೆಟ್ಟಿಲಿವೆ. ಇಳಿಯುವಾಗ ಸುಲಭವೆನಿಸಿದರೂ ಹತ್ತುವಾಗ ಮಟಮಟ ಬಿಸಿಲು, ಆದ್ದರಿಂದ ಊಟಕ್ಕೆ ಮುಂಚೆಯೇ ಇಳಿದು ಹತ್ತಿಬಿಡಿ. ಹೊಳೆ ಶಾಂತವಾಗಿರುವಾಗ ಕೆಳಗೆ ತೆಪ್ಪವಿರುತ್ತದೆ. ತೆಪ್ಪ ದುಂಡಗಿರುವುದರಿಂದ ಒಬ್ಬ ಎದ್ದು ನಿಂತರೂ ವಾಲುತ್ತದೆ. ಭಾರದವರು ಎದುರುಬದುರಾಗಿ, ಬುಡಕ್ಕೆ ಕೂರಬೇಕು. ಲೈಫ್ ಜಾಕೆಟ್ ಕೊಡದಿದ್ದರೆ ಹತ್ತಬೇಡಿ.

ಬುತ್ತಿ ಒಯ್ಯುವುದು ಒಳ್ಳೆಯದು. ನಾಲ್ವರಿಗೆ ಎರಡು ಪಾವು ಅಕ್ಕಿಯ ಪುಳಿಯೋಗರೆ, ಒಂದು ಪಾವು ಅಕ್ಕಿಯ ಮೊಸರನ್ನ ಸಾಕು. ಬೆಳಗಿನ ಜಾವವೇ ಪೂರ್ತಿ ಮೊಸರು ಹಾಕಿ ಕಲಸಿದರೆ ಮಧ್ಯಾಹ್ನದ ಹೊತ್ತಿಗೆ ಹುಳಿಯಾಗುತ್ತದೆ. ಅನ್ನ ಮೆತ್ತಗೆ ಬೇಯಿಸಿ, ಆರಿಸಿ, ಅರ್ಧ ಲೀಟರ್ ಕಾಯಿಸಿ ಆರಿಸಿದ ಹಾಲಿಗೆ ಎರಡೇ ಚಮಚ ಮೊಸರು ಸೇರಿಸಿ ಕಲಸಿದರೆ ದಾರಿಯಲ್ಲೇ ಹದವಾಗಿ ಹೆಪ್ಪಾಗುತ್ತದೆ. ತಲೆಗೆ ಎರಡು ಲೀಟರ್ ನೀರು ಇರಲಿ. ಕೋತಿಗಳು ಪ್ಲಾಸ್ಟಿಕ್ ಕವರಿನ ಸದ್ದಿಗೇ ಬರುತ್ತವೆ, ಊಟವನ್ನು ಬಟ್ಟೆಚೀಲದಲ್ಲಿಟ್ಟು, ಚೀಲ ಮಡಿಲಲ್ಲಿಟ್ಟುಕೊಂಡು ಕೂರಿ. ಮೀನು ತಿನ್ನುವವರಿಗೆ ಅಲ್ಲೇ ಅಂಗಡಿಗಳಲ್ಲಿ ಕರಿದ ಹೊಳೆ ಮೀನು ಸಿಗುತ್ತದೆ. ಮಸಾಲೆ ಹಚ್ಚಿಟ್ಟ ಮೀನನ್ನು ನೀವೇ ಆರಿಸಿ, ಎದುರಿಗೇ ಕರಿಸಿಕೊಳ್ಳಿ.

ನಾಲ್ಕು ಗಂಟೆಗೆ ಗಾಡಿ ತಿರುಗಿಸಿದರೆ ಹಲಗೂರು, ಸಾತನೂರಿನ ತಿರುವುಗಳನ್ನು ಬೆಳಕಿರುವಾಗಲೇ ದಾಟಬಹುದು. ಭಾನುವಾರ ಸಂಜೆ ಕನಕಪುರ ರಸ್ತೆ ನಗರದ ಅಂಚಿನಲ್ಲಿ ಕಟ್ಟಿಕೊಳ್ಳುತ್ತದೆ. ಆಗ ಕಾರಿನವರು ಮಳವಳ್ಳಿಯಿಂದ ಮದ್ದೂರಿಗೆ ಹೊರಳಿ ಮೈಸೂರು ಹೆದ್ದಾರಿ ಹಿಡಿಯಬಹುದು. ಬೈಕಿನವರಿಗೆ 2023ರ ಆಗಸ್ಟ್‌ನಿಂದ ಆ ಹೆದ್ದಾರಿಯ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ, ಅವರು ಸರ್ವಿಸ್ ರಸ್ತೆಯಲ್ಲೇ ಬರಬೇಕಾದ್ದರಿಂದ ಕನಕಪುರದ ದಾರಿಯೇ ವಾಸಿ.