ಈಜುಕೊಳದ ನೀರು ಮಸುಕಾದರೆ ಮೊದಲು ಪ್ರೆಶರ್ ಗೇಜ್ ನೋಡಿ

ಕಳೆದ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳದ ನೀರು ಮಸುಕಾಗಿ, ಆಳದ ಕಡೆಯ ತಳದ ಜಾಲರಿಯೇ ಕಾಣದಂತಾಯಿತು. ನಿರ್ವಹಣೆ ನೋಡಿಕೊಳ್ಳುವವರು ಮರಳಿನ ಫಿಲ್ಟರಿಗೆ ಒಂದು ವಾರ ದಿನವೂ, ನೀರನ್ನು ಹಿಮ್ಮುಖವಾಗಿ ಹರಿಸಿ ಕೊಳೆಯನ್ನು ಚರಂಡಿಗೆ ತೊಳೆದುಬಿಡುವ ಬ್ಯಾಕ್‌ವಾಶ್ ಮಾಡಿದರು. ಗಂಟೆಗೆ 15,000 ಲೀಟರ್ ಎತ್ತುವ ಪಂಪು ಮೂರು ನಿಮಿಷ ಓಡಿದರೆ 750 ಲೀಟರ್ ನೀರು ಚರಂಡಿಯ ಪಾಲಾಗುತ್ತದೆ. 2024ರ ಮಾರ್ಚ್‌ನಲ್ಲಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸಕೂಡದೆಂದು ಜಲಮಂಡಳಿ ನಿಷೇಧ ಹೊರಡಿಸಬೇಕಾಗಿ ಬಂದ ಬೆಂಗಳೂರಿನಲ್ಲಿ ಇದು ಸಣ್ಣ ನಷ್ಟವಲ್ಲ.

ಪಂಪಿನ ಕೋಣೆಗೆ ಹೋಗಿ ನೋಡಿದಾಗ, ಮರಳು ಸ್ವಚ್ಛವಿದ್ದಾಗ 12 ಪಿಎಸ್‌ಐ (ಒತ್ತಡದ ಅಳತೆ) ತೋರಿಸುವ ಫಿಲ್ಟರಿನ ಗೇಜಿನ ಮುಳ್ಳು 6ರ ಬಳಿ ನಡುಗುತ್ತಿತ್ತು. ಮರಳಿನಲ್ಲಿ ಕೊಳೆ ಕಟ್ಟಿದ್ದರೆ ಒತ್ತಡ ಏರಬೇಕು. ಸ್ವಚ್ಛ ಸ್ಥಿತಿಗಿಂತ 8ರಿಂದ 10 ಪಿಎಸ್‌ಐ ಹೆಚ್ಚಾದಾಗ ಬ್ಯಾಕ್‌ವಾಶ್ ಮಾಡಿದರೆ ಸಾಕು. ಸ್ವಲ್ಪ ಕೊಳೆ ಹಿಡಿದ ಮರಳೇ ಸಣ್ಣ ಕಣಗಳನ್ನು ಚೆನ್ನಾಗಿ ತಡೆಯುವುದರಿಂದ, ಪದೇ ಪದೇ ತೊಳೆದರೆ ನೀರು ಇನ್ನಷ್ಟು ಮಸುಕಾಗಬಹುದು. ಒತ್ತಡ ಇಳಿದಿದೆಯೆಂದರೆ ಪಂಪಿಗೇ ನೀರು ಸಾಲುತ್ತಿಲ್ಲ, ದೋಷ ಹೀರುವ ಕಡೆ ಇದೆ ಎಂದು ಮೊದಲು ಅನುಮಾನಿಸಬೇಕು.

ಕೊಳದ ನೀರಿನ ಮಟ್ಟ, ಮೇಲ್ಮೈ ನೀರನ್ನು ಪಂಪಿನತ್ತ ಎಳೆದುಕೊಳ್ಳುವ ಸ್ಕಿಮ್ಮರಿನ ಬಾಯಿಯ ಅರ್ಧಕ್ಕಿತ್ತು, ಪಂಪಿನ ಬುಟ್ಟಿಯಲ್ಲಿ ಎಲೆಗಳಿರಲಿಲ್ಲ. ಆದರೆ ಪಂಪಿನ ಪಾರದರ್ಶಕ ಮುಚ್ಚಳದಡಿ ಗುಳ್ಳೆಗಳು ಸಾಲುಸಾಲಾಗಿ ಏಳುತ್ತಿದ್ದವು. ಮುಚ್ಚಳದ ಸುತ್ತ ಒಂದು ಚೆಂಬು ನೀರು ಸುರಿದಾಗ ಅವು ಕ್ಷಣಕಾಲ ನಿಂತು ಮತ್ತೆ ಶುರುವಾದವು. ಗಾಳಿ ಅಲ್ಲಿಂದಲೇ ಒಳಗೆ ಹೋಗುತ್ತಿತ್ತು. ಪಂಪು ನಿಲ್ಲಿಸಿ, ವಾಲ್ವುಗಳನ್ನು ಮುಚ್ಚಿ ಮುಚ್ಚಳ ಬಿಚ್ಚಿದರೆ, ಗಾಳಿ ನುಸುಳದಂತೆ ತಡೆಯುವ ರಬ್ಬರಿನ ಓ-ರಿಂಗ್ ಚಪ್ಪಟೆಯಾಗಿ, ಒಂದೆಡೆ ಕೂದಲೆಳೆಯಷ್ಟು ಸೀಳಿ, ಆ ಸೀಳಿನಲ್ಲಿ ಮರಳಿನ ಕಾಳೊಂದು ಕೂತಿತ್ತು. ಹೊಸ ರಿಂಗಿಗೆ ಸಿಲಿಕೋನ್ ಗ್ರೀಸ್ ಸವರಿ ಕೂರಿಸಿದೆವು. ವ್ಯಾಸಲೀನ್ ಹಚ್ಚಬಾರದು, ಅದು ರಬ್ಬರನ್ನು ಕೆಡಿಸುತ್ತದೆ. ಹತ್ತು ನಿಮಿಷದಲ್ಲಿ ಗುಳ್ಳೆಗಳು ಮಾಯವಾಗಿ ಮುಳ್ಳು 12ಕ್ಕೆ ಬಂತು. ಮೂರನೆಯ ದಿನ ಜಾಲರಿ ಕಂಡಿತು.

ಕೊಳದೊಳಗೆ ಮರಳು ಬರುವುದು ಬೇರೆಯೇ ತೊಂದರೆ. ಬ್ಯಾಕ್‌ವಾಶ್ ಆದ ಮೇಲೆ ಒಂದು ನಿಮಿಷ ರಿನ್ಸ್ ಮಾಡದಿದ್ದರೆ (ಎಂದಿನ ದಿಕ್ಕಿನಲ್ಲೇ ನೀರು ಹರಿಸಿ ಚರಂಡಿಗೆ ಬಿಡದಿದ್ದರೆ) ಚೂರುಪಾರು ಮರಳು ಬರಬಹುದು. ದಿನವೂ ಬರುತ್ತಿದ್ದರೆ ಫಿಲ್ಟರಿನ ತಳದಲ್ಲಿ ಮರಳನ್ನು ತಡೆದು ನೀರನ್ನಷ್ಟೇ ಬಿಡುವ ಲ್ಯಾಟರಲ್ ಕೊಳವೆ ಮುರಿದಿರುವ ಸಾಧ್ಯತೆ ಹೆಚ್ಚು. ಆಗ ಮರಳನ್ನೆಲ್ಲ ಹೊರತೆಗೆಯದೆ ವಿಧಿಯಿಲ್ಲ.

ಪಂಪು ಓಡುತ್ತಿರುವಾಗ, ಫಿಲ್ಟರ್, ಬ್ಯಾಕ್‌ವಾಶ್, ರಿನ್ಸ್ ಎಂದು ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವಿನ ಹಿಡಿಯನ್ನು ದಯವಿಟ್ಟು ತಿರುಗಿಸಬೇಡಿ, ಒಳಗಿನ ಗ್ಯಾಸ್ಕೆಟ್ ಜಾರುತ್ತದೆ. ದಿನವೂ ಬ್ಯಾಕ್‌ವಾಶ್ ಮಾಡಿದ ಆ ವಾರದ ಅವಸರದಲ್ಲಿ ನಮ್ಮಲ್ಲಿಯೂ ಹಾಗೆಯೇ ಆಗಿರಬೇಕು: ಹಿಡಿ ಫಿಲ್ಟರ್ ಸ್ಥಾನದಲ್ಲಿದ್ದರೂ ಚರಂಡಿಯ ಪೈಪಿನಿಂದ ನೀರು ತೊಟ್ಟಿಕ್ಕುತ್ತಿದೆ. ಈ ಭಾನುವಾರ ವಾಲ್ವನ್ನು ಬಿಚ್ಚುತ್ತಿದ್ದೇವೆ.